ಗೋಡೆಯೊಳಗೆ ಕಂಡ ಪುಡಿ

ಮನೆ ಪರೀಕ್ಷಕರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ನಾನು ಮನೆ ಬ್ರೋಕರ್. ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ಬೆಳಕು ಹೇಗೆ ಬೀಳುತ್ತದೆ ನೋಡಿ ಎಂದು ನಾನು ಬಾಯಿ ನೋಯುವಷ್ಟು ಹೇಳುತ್ತಿರುತ್ತೇನೆ. ಕೊಳ್ಳಲು ಬಂದ ಹೆಂಗಸು ಅಡುಗೆಕಟ್ಟೆಯ ಮೇಲೆ ಕೈಯಾಡಿಸುತ್ತ ತನ್ನ ಪಾತ್ರೆಗಳನ್ನು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿರುತ್ತಾಳೆ. ಅಷ್ಟರಲ್ಲಿ ಈ ಜನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಬೆರಳು ಒತ್ತಿ, "ಇಲ್ಲಿ ತೇವ ಇದೆ" ಅನ್ನುತ್ತಾರೆ. ಮುಗಿಯಿತು. ಹೆಂಗಸಿನ ಕೈ ಕಟ್ಟೆಯಿಂದ ಕೆಳಗಿಳಿಯುತ್ತದೆ. ನನ್ನ ಓಡಾಟವೆಲ್ಲ ನೀರುಪಾಲು.

ಆದರೂ ನಾನು ಹೇಳಹೊರಟಿರುವುದು ಅಂಥ ಒಬ್ಬ ಪರೀಕ್ಷಕನ ವಿಷಯವನ್ನೇ. ನನ್ನ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದವರಲ್ಲಿ, ಮೈಯೆಲ್ಲ ಉರಿದರೂ ಬಾಯಿ ತುಂಬ ಬೈಯಲಾಗದೆ ಹೋದವನು ಅವನೊಬ್ಬನೇ. ಎತ್ತರದ ಆಳು, ಸ್ವಲ್ಪ ಗೂನು. ವಯಸ್ಸು ಐವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಖಾಲಿ ಮನೆಯ ಕೋಣೆಗೆ ಕಾಲಿಡುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದ, ಒಳಗೆ ಯಾರೋ ಮಲಗಿದ್ದಾರೇನೋ ಎಂಬ ಹಾಗೆ. "ಒಳಗೆ ಯಾರಿದ್ದಾರೆ ಅಂತ ಕೆಮ್ತೀಯೋ?" ಎಂದು ನಾನು ರೇಗಿಸಿದರೆ, "ಅಭ್ಯಾಸ ಅಕ್ಕ" ಅನ್ನುತ್ತಿದ್ದ. ನನಗಿಂತ ಚಿಕ್ಕವನು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಅವನ ಕೆಲಸಕ್ಕೊಂದು ಕಟ್ಟುಪಾಡು ಇತ್ತು. ಕಂಡದ್ದನ್ನು ಮಾತ್ರ ಹೇಳಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. "ಛಾವಣಿ ಸೋರುತ್ತಾ?" ಎಂದು ಯಾರಾದರೂ ಕೇಳಿದರೆ, "ಈಗ ಸೋರ್ತಿಲ್ಲ" ಅನ್ನುವನು. "ಮುಂದೆ?" ಅಂದರೆ, "ಮುಂದಿನದು ನಾನು ನೋಡಿಲ್ಲ" ಅನ್ನುವನು. ಎರಡು ಸಮಾಧಾನದ ಮಾತು ಕೇಳಿಕೊಂಡು ಹೋಗೋಣ ಎಂದು ಬಂದವರು ಇನ್ನಷ್ಟು ಗಾಬರಿ ಹೊತ್ತುಕೊಂಡು ಹೋಗುತ್ತಿದ್ದರು. ಅವನ ಬಾಯಿಂದ ಒಂದು ಸುಳ್ಳು ಹೊರಡಿಸಲು ನಾನು ಮಾಡಿದ ಪ್ರಯತ್ನ ಅಷ್ಟಿಷ್ಟಲ್ಲ. ಜಪ್ಪಯ್ಯ ಅನ್ನಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಅವನು ಚಿಕ್ಕವನಿದ್ದಾಗ ಅವನಪ್ಪ ಒಂದು ಮನೆ ಕೊಂಡಿದ್ದರಂತೆ. ಬಣ್ಣ ಬಳಿದು ಫಳಫಳ ಹೊಳೆಯುತ್ತಿದ್ದ ಮನೆ. ಮಾಳಿಗೆಯ ತೊಲೆಗಳಿಗೆ ಮಾತ್ರ ಕುಟ್ಟೆ ಹಿಡಿದಿತ್ತು. ಕುಟ್ಟೆ ಹುಳು ಮರವನ್ನು ಒಳಗೊಳಗೇ ಹಿಟ್ಟು ಮಾಡುತ್ತದೆ; ಹೊರಗಿನ ಬಣ್ಣ ಇದ್ದ ಹಾಗೇ ಇರುತ್ತದೆ. ಒಂದು ಮಧ್ಯಾಹ್ನ ಅಡುಗೆಮನೆಯ ಮಾಳಿಗೆ ಧೊಪ್ಪೆಂದು ಕುಸಿಯಿತು. ಅಮ್ಮ ಬಟ್ಟೆ ಒಣಹಾಕಲು ಹಿಂದುಗಡೆ ಹೋಗಿದ್ದರಿಂದ ಬದುಕಿಕೊಂಡರು. ಆಮೇಲೆ ಆ ಕುಟುಂಬದಲ್ಲಿ ಸ್ವಂತ ಮನೆ ಎಂಬ ಮಾತನ್ನೇ ಯಾರೂ ಎತ್ತಲಿಲ್ಲ.

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅವನು ಒಂದು ಮಹಡಿಯ ಮೇಲಿನ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದ. ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಒಂದು ಮಂಚ, ಒಂದು ಕುರ್ಚಿ, ಒಂದು ಕಪ್ಪು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಪ್ಪಿನಲ್ಲಿ ಚಹಾ ಕೊಟ್ಟು, ತಾನು ಕಿಟಕಿಯ ಹತ್ತಿರ ನಿಂತು ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿದ. "ಇನ್ನೊಂದು ಕಪ್ಪು ತಗೊಂಡ್ರೆ ಏನು ಗಂಟು ಹೋಗುತ್ತೋ?" ಅಂದೆ. "ಯಾರು ಬರ್ತಾರೆ ಅಕ್ಕ" ಅಂದ. ದೂರಿನ ದನಿಯಲ್ಲಿ ಹೇಳಿದ್ದಲ್ಲ, ಕಂಡದ್ದನ್ನು ಹೇಳುವ ದನಿಯಲ್ಲೇ ಹೇಳಿದ.

ಮೊದಲೆಲ್ಲ ಅವನ ಪರೀಕ್ಷೆಗೆ ಇಬ್ಬರು ಬೇಕಾಗುತ್ತಿತ್ತು. ಅವನು ಗೋಡೆಯ ಈ ಕಡೆ ನಿಂತು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುವುದು, ಆ ಕಡೆ ಇನ್ನೊಬ್ಬರು ಕಿವಿಗೊಟ್ಟು ನಿಲ್ಲುವುದು. ಆ ಇನ್ನೊಬ್ಬರು ಬಹಳ ಸಲ ನಾನೇ. "ಅಕ್ಕಾ, ಕೇಳಿಸ್ತಾ?" "ಕೇಳಿಸ್ತು." "ಟೊಳ್ಳಾ, ಗಟ್ಟಿಯಾ?" "ನಿನ್ನ ತಲೆ ಥರಾ ಇದೆ!" ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಮನೆಯವರನ್ನೂ ಅವನು ಮಾತಾಡಿಸಲೇಬೇಕಿತ್ತು. ಮಳೆ ಜೋರಾದಾಗ ಯಾವ ಮೂಲೆಯಲ್ಲಿ ವಾಸನೆ ಬರುತ್ತದೆ, ಯಾವ ಬಾಗಿಲು ಬಿಗಿಯಾಗುತ್ತದೆ ಎಂದೆಲ್ಲ ಕೇಳಬೇಕು. ಅವರು ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ತಮ್ಮ ಅತ್ತೆಯ ಕಥೆ, ಮಗಳ ಬಾಣಂತನದ ಕಥೆ ಎಲ್ಲ ಹೇಳುವರು. ಅವನು ಕೂತು ಕೇಳುವನು. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕಿತ್ತು.

ಆಮೇಲೆ ಆ ಕ್ಯಾಮೆರಾ ಬಂತು. ಬೆರಳಿಗಿಂತ ತೆಳ್ಳಗಿನ ಉದ್ದನೆಯ ಕೇಬಲ್, ತುದಿಯಲ್ಲಿ ಬೇಳೆಕಾಳಿನಷ್ಟು ಕಣ್ಣು, ಕಣ್ಣಿನ ಸುತ್ತ ಪುಟ್ಟ ಪುಟ್ಟ ದೀಪ. ಇನ್ನೊಂದು ತುದಿಯಲ್ಲಿ ಅಂಗೈ ಅಗಲದ ಪರದೆ. ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಆ ತೂತಿನಿಂದ ಕೇಬಲನ್ನು ಮೆಲ್ಲಗೆ ಒಳಗೆ ಬಿಟ್ಟರೆ ಗೋಡೆಯ ಹೊಟ್ಟೆಯೆಲ್ಲ ಪರದೆಯ ಮೇಲೆ. ಅದನ್ನು ಅವನು ಡಬ್ಬಿಯೊಳಗೆ ಸುತ್ತಿ ಇಡುತ್ತಿದ್ದ ರೀತಿ ನೋಡಿ ಹಾರ್ಡ್‌ವೇರ್ ಅಂಗಡಿಯವನು ಅವನಿಗೆ ಹಾವಾಡಿಗ ಎಂದು ಹೆಸರಿಟ್ಟ. ಬೀದಿಯವರೆಲ್ಲ ಅದನ್ನೇ ಹಿಡಿದುಕೊಂಡರು. ಅವನಿಗೆ ಬೇಸರವೇನೂ ಆಗಲಿಲ್ಲ. ಯಾರೋ ಕರೆಯುತ್ತಾರಲ್ಲ ಅಂತಲೇ ಇರಬೇಕು.

ಅದರಿಂದ ಪ್ರಯೋಜನ ಇಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಒಬ್ಬ ನಿವೃತ್ತ ಮೇಷ್ಟ್ರು ಕೊಳ್ಳಬೇಕೆಂದಿದ್ದ ಮನೆಯ ಬಚ್ಚಲಿನಲ್ಲಿ ಎಲ್ಲಿಂದಲೋ ನೀರು ಜಿನುಗುತ್ತಿತ್ತು. ಮೊದಲಾಗಿದ್ದರೆ ಅರ್ಧ ಗೋಡೆಯ ಟೈಲ್ಸ್ ಒಡೆಯಬೇಕಿತ್ತು. ಹಾವಾಡಿಗ ನಲ್ಲಿಯ ಬುಡ ಮುಚ್ಚುವ ಬಿಲ್ಲೆ ಕಳಚಿ ಕೇಬಲ್ ತೂರಿಸಿದ. ಮಾರುವವನು ಪಕ್ಕದಲ್ಲೇ ನಿಂತು, "ಎಲ್ಲಾ ಹೊಸ ಪೈಪು ಸ್ವಾಮಿ, ನಾನೇ ಮುಂದೆ ನಿಂತು ಹಾಕಿಸಿದ್ದು" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದ. ಹಾವಾಡಿಗ ಪರದೆಯನ್ನು ಅವನ ಕಡೆ ತಿರುಗಿಸಿದ. ತುಕ್ಕು ಹಿಡಿದ ಕೀಲಿನಿಂದ ಹನಿ, ಹನಿಯ ಹಿಂದೆ ಹನಿ. ಮಾರುವವನ ಬಾಯಿಗೆ ಬೀಗ ಬಿತ್ತು. ಮೇಷ್ಟ್ರು ಉಳಿದುಕೊಂಡರು, ಟೈಲ್ಸೂ ಉಳಿಯಿತು.

ನನ್ನ ತಕರಾರು ಇರುವುದು ಬೇರೆ ಕಡೆ. ಕುಟ್ಟಿ ನೋಡಿ ಹೇಳುತ್ತಿದ್ದ ಕಾಲದಲ್ಲಿ ನಾವು ಅವನ ಜೊತೆ ಜಗಳ ಆಡಬಹುದಿತ್ತು. "ನಿನಗೆ ಟೊಳ್ಳು ಕೇಳಿಸಿದ್ರೆ ನನಗೆ ಗಟ್ಟಿ ಕೇಳಿಸ್ತಪ್ಪ" ಅನ್ನಬಹುದಿತ್ತು. ಅವನೂ ತಲೆ ಕೆರೆದುಕೊಂಡು ಇನ್ನೊಮ್ಮೆ ಕುಟ್ಟುತ್ತಿದ್ದ. ಚಿತ್ರ ಕಂಡ ಮೇಲೆ ಯಾರಿಗೂ ಮಾತಿಲ್ಲ. ಅವನಿಗೂ ಇಲ್ಲ. ಆ ಕಡೆ ನಿಲ್ಲಲು ಮನುಷ್ಯರು ಬೇಡ, ಮನೆಯವರ ಕಥೆ ಬೇಡ. ಬೀಗದಕೈ ಕೊಟ್ಟರೆ ಸಾಕು, ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದ. ಒಮ್ಮೆ ಅವನ ಮೊಬೈಲು ತೆಗೆದುಕೊಂಡು ಸುಮ್ಮನೆ ಫೋಟೋಗಳನ್ನು ಸರಿಸಿ ನೋಡಿದೆ. ಎಷ್ಟು ಸರಿಸಿದರೂ ಗೋಡೆಯ ಒಳಗು, ಪೈಪಿನ ಬುಡ, ಜೇಡರಬಲೆ, ವೈರು. ಒಂದೇ ಒಂದು ಮನುಷ್ಯನ ಮುಖ ಇರಲಿಲ್ಲ.

ಹಾಗಿರುವಾಗ ಅವನ ಬದುಕಿನಲ್ಲಿ ಒಬ್ಬಳು ಬಂದಳು. ಪರದೆ ಅಂಗಡಿಯಲ್ಲಿ ಕಿಟಕಿ ಪರದೆಗಳನ್ನು ಹೊಲಿಯುವವಳು. ನಾನು ಪರದೆಯಮ್ಮ ಅನ್ನುತ್ತೇನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಆದರೆ ಅಣ್ಣನ ಮಗಳ ಕೋಣೆಯಲ್ಲಿ ಮಂಚದ ಆಚೆ ಬದಿ ಅವಳದು, ಬೀರುವಿನಲ್ಲಿ ಕೆಳಗಿನ ಅರೆ ಅವಳದು. ಖಾಲಿ ಮನೆಯೊಂದರಲ್ಲಿ ಅವಳು ಕಿಟಕಿ ಅಳೆಯಲು ಸ್ಟೂಲು ಹತ್ತಿದ್ದಾಗ ಇವನು ಪಕ್ಕದ ಕೋಣೆಯಿಂದ ಕೆಮ್ಮಿದ. ಅವಳು ಬೆಚ್ಚಿಬಿದ್ದು ಟೇಪನ್ನು ಇವನ ತಲೆಯ ಮೇಲೆ ಬೀಳಿಸಿದಳು. ಅಲ್ಲಿಂದ ಶುರು.

ಆಮೇಲಾಮೇಲೆ ಅವಳು ಪರದೆ ತೂಗುಹಾಕುವ ದಿನ ಗೋಡೆ ಗಟ್ಟಿಯಿದೆಯೇ ನೋಡಿ ಹೇಳಲು ಇವನನ್ನು ಕರೆಯುವಳು. ಅವಳು ಮಾತಾಡುವಳು, ಇವನು ಮೊಳೆ ಹೊಡೆಯುವನು. ಇವನಾಗಿ ಬಾಯಿ ಬಿಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಅವಳಿಗೆ ಬೇಗ ಗೊತ್ತಾಯಿತು. ಕೊನೆಗೆ ಅವಳೇ ಕೇಳಿದಳು. ನನ್ನ ಎದುರಿಗೇ ಕೇಳಿದಳು, ಸಾಕ್ಷಿಗೆ ಇರಲಿ ಅಂತಲೋ ಏನೋ.

"ನೋಡಿ, ನಮ್ಮಣ್ಣನಿಗೆ ವರ್ಗ ಆಗೋ ಹಾಗಿದೆ. ಈ ಸಲ ದೂರ. ಹೋದ ಕಡೆಯೆಲ್ಲ ನಾನು ಹಳೆ ಪರದೆ ಬಿಚ್ಚಿ, ಹೊಸ ಮನೆ ಕಿಟಕಿಗೆ ಸರಿಯಾಗಿ ಕತ್ತರಿಸಿ, ಮತ್ತೆ ಹೊಲೀತೀನಿ. ಈಗ ಕತ್ತರಿಸೋಕೆ ಬಟ್ಟೆ ಉಳಿದಿಲ್ಲ. ನನಗೆ ಬಿಟ್ಟು ಹೋಗದೆ ಇರೋ ಅಂಥ ಒಂದು ಕಿಟಕಿ ಬೇಕು. ಬಾಡಿಗೆದು ಬೇಡ. ಇಬ್ಬರ ದುಡ್ಡೂ ಸೇರಿಸಿ ಒಂದು ಸಣ್ಣ ಮನೆ ಮಾಡೋಣ. ಹಾಗಾದ್ರೆ ನಾನು ಇಲ್ಲೇ ಉಳೀತೀನಿ, ನಿಮ್ಮ ಜೊತೆ. ಏನಂತೀರಿ?"

ಅವನು ಕಿವಿಯವರೆಗೂ ಕೆಂಪಾದ. "ಹೂಂ" ಅಂದ. ಅಷ್ಟೇ ಅಂದದ್ದು. ಆದರೆ ಮರುದಿನವೇ ಹೋಗಿ ಇನ್ನೊಂದು ಕಪ್ಪು ತಂದ. ಅದನ್ನು ನನಗೆ ಫೋನು ಮಾಡಿ ಬೇರೆ ಹೇಳಿದ.

ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಣ ಹಿಂಡಿದ ಗಿರಾಕಿ ಇನ್ನೊಬ್ಬನಿಲ್ಲ. ಒಂದು ಮನೆಯ ಕಿಟಕಿಗಳನ್ನು ನೋಡಿ ಅವಳು ಕುಣಿದಾಡಿದಳು. ಇವನು ಅಡಿಪಾಯದಲ್ಲಿ ತೇವ ಇದೆ ಅಂದ. ಇನ್ನೊಂದರಲ್ಲಿ ಮಾಳಿಗೆಯ ವೈರು ಇಲಿ ಕಡಿದಿತ್ತು. ಮತ್ತೊಂದರಲ್ಲಿ ಚರಂಡಿ ಪೈಪಿನೊಳಗೆ ಯಾವುದೋ ಮರದ ಬೇರು ನುಗ್ಗಿತ್ತು. ಎಲ್ಲವೂ ನಿಜವೇ. ಕ್ಯಾಮೆರಾದ ಪರದೆಯ ಮೇಲೆ ನಾನೂ ನೋಡಿದೆ. ಪರದೆಯಮ್ಮ ಪ್ರತಿ ಸಲವೂ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, "ಹೋಗ್ಲಿ ಬಿಡಿ, ಇನ್ನೊಂದು ಸಿಗುತ್ತೆ" ಅನ್ನುವಳು. ಆ "ಹೋಗ್ಲಿ ಬಿಡಿ" ದಿನೇ ದಿನೇ ಸಣ್ಣದಾಗುತ್ತ ಬಂತು. ಅಷ್ಟರಲ್ಲಿ ಅಣ್ಣನ ವರ್ಗದ ಆದೇಶವೂ ಬಂದುಬಿಟ್ಟಿತು.

ಆಗ ಸಿಕ್ಕಿದ್ದು ಹಿಂಬೀದಿಯ ಮನೆ. ಚಿಕ್ಕದು, ಹಳೆಯದು, ಒಳಗೆ ಕೋಣೆಗಳ ನಡುವೆ ಇಟ್ಟಿಗೆಯ ಬದಲು ಹಲಗೆಯ ಗೋಡೆ; ಎರಡು ಹಲಗೆ, ನಡುವೆ ಮರದ ಕಂಬಗಳು. ಮುಂಜಾನೆಯ ಬಿಸಿಲು ನೇರ ಅಡುಗೆಮನೆಗೆ ಬೀಳುತ್ತಿತ್ತು. ಹಾವಾಡಿಗ ಛಾವಣಿ ನೋಡಿದ, ಚರಂಡಿ ನೋಡಿದ, ವೈರು ನೋಡಿದ. ಎಲ್ಲ ಸರಿಯಾಗಿತ್ತು. ಪರದೆಯಮ್ಮ ಕಿಟಕಿಗಳನ್ನೆಲ್ಲ ಅಳೆದು, ಯಾವುದಕ್ಕೆ ಯಾವ ಬಣ್ಣ ಎಂದು ನನ್ನ ತಲೆ ತಿನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟೆ.

ಆದರೆ ಅವನಿಗೆ ಆ ಹಲಗೆಯ ಗೋಡೆಯ ಮೇಲೆ ಕಣ್ಣು. ಅಲ್ಲಿ ಸ್ವಿಚ್ಚಿಲ್ಲ, ನಲ್ಲಿಯಿಲ್ಲ, ಕೇಬಲ್ ತೂರಿಸಲು ದಾರಿಯೇ ಇರಲಿಲ್ಲ. ಬೇರೆಯವರ ಮನೆಗಳಲ್ಲಿ ಅವನು ಎಂದೂ ಗೋಡೆ ಕೊರೆದವನಲ್ಲ. ಇರುವ ತೂತಿನಿಂದ ಕಂಡಷ್ಟು ನೋಡುವುದು, ಕಾಣದ್ದನ್ನು ಕಂಡಿಲ್ಲ ಎಂದು ಹೇಳುವುದು, ಅಷ್ಟೇ. ಇದು ತನ್ನ ಮನೆಯಾಗುವುದಿತ್ತು. ಇದರಲ್ಲಿ ಅವಳು ಮಲಗಬೇಕಿತ್ತು. ಮನೆಯೊಡೆಯನ ಒಪ್ಪಿಗೆ ಕೇಳಿ, ಹೊಸದೊಂದು ಡ್ರಿಲ್ ತಂದು, ಹಲಗೆಗೆ ಸೊಂಟದ ಎತ್ತರದಲ್ಲಿ ಒಂದು ತೂತು ಕೊರೆದು ಕೇಬಲ್ ಬಿಟ್ಟ.

ನಾನೂ ಅವಳೂ ಅವನ ಹೆಗಲ ಹಿಂದೆ ನಿಂತಿದ್ದೆವು. ಪರದೆಯ ಮೇಲೆ ಕಂಬ ಕಂಡಿತು. ಕಂಬದ ಬುಡದಲ್ಲಿ ಅಡ್ಡಪಟ್ಟಿ. ಅದರ ಮೇಲೆ ಹಳದಿ ಬಣ್ಣದ ನುಣ್ಣನೆಯ ಪುಡಿಯ ರಾಶಿ, ಗುಡ್ಡದಷ್ಟು. ಇನ್ನೂ ಒಂದೆರಡು ಕಣ ಮೇಲಿಂದ ಉದುರುತ್ತಿತ್ತು.

ಅವನ ಮುಖ ಬಿಳಿಚಿಕೊಂಡಿತು. "ಕುಟ್ಟೆ" ಅಂದ.

"ಎಲ್ಲಿ ಹುಳು? ನನಗೇನೂ ಕಾಣ್ತಿಲ್ವಲ್ಲ" ಅಂದೆ.

"ಹುಳು ಕಾಣಲ್ಲ ಅಕ್ಕ. ಪುಡಿ ಕಾಣುತ್ತೆ. ನಮ್ಮನೇಲೂ ಹೀಗೇ ಇತ್ತು."

"ಒಂದು ಹಲಗೆ ಬಿಚ್ಚಿ ನೋಡಿದ್ರಾಯ್ತು."

"ಕಣ್ಣಾರೆ ಕಂಡ ಮೇಲೆ ಬಿಚ್ಚೋದು ಯಾಕೆ?"

ನಾನೂ ಸುಮ್ಮನಾದೆ. ಕಂಡಿದ್ದೆನಲ್ಲ. ಪರದೆಯಮ್ಮ ಮಾತ್ರ ಕತ್ತಿನಲ್ಲಿ ಟೇಪು ಹಾಕಿಕೊಂಡು ನಿಂತೇ ಇದ್ದಳು. ಆಮೇಲೆ ಹೇಳಿದಳು: "ಹುಳುಗೆ ಔಷಧಿ ಇದೆ ಕಣ್ರೀ. ಹೊಡೆಸೋಣ. ಕಂಬ ಹೋದ್ರೆ ಕಂಬ ಬದಲಾಯಿಸೋಣ. ಅಣ್ಣ ಸಾಮಾನು ಕಟ್ಟೋಕೆ ಶುರು ಮಾಡಿದ್ದಾನೆ. ನನಗೆ ಟೈಮಿಲ್ಲ."

"ಕುಟ್ಟೆ ಒಂದು ಕಂಬದಲ್ಲಿ ನಿಲ್ಲಲ್ಲ. ತೊಲೆಗೆ ಹೋಗುತ್ತೆ. ನೀವು ಒಳಗಿರುವಾಗ ಬಿದ್ರೆ?"

"ನಿಮಗೆ ಬೇಡವಾಗಿರೋದು ಈ ಮನೆಯೋ, ನಾನೋ? ಅದನ್ನಾದ್ರೂ ಕಡ್ಡಿ ಮುರಿದ ಹಾಗೆ ಹೇಳಿ."

ಅವನು ಬೆಪ್ಪಾಗಿ ಅವಳನ್ನು ನೋಡಿದ. "ಈ ಮನೆ ಬೇಡ" ಅಂದ. ಕೇಳಿದ್ದರಲ್ಲಿ ಅರ್ಧಕ್ಕೆ ಮಾತ್ರ ಉತ್ತರ. ಉಳಿದ ಅರ್ಧಕ್ಕೆ ಅವಳು ಕಾದಳು, ನಾನೂ ಕಾದೆ. ಅವನು ಕೇಬಲನ್ನು ಒರೆಸಿ ಒರೆಸಿ ಸುತ್ತತೊಡಗಿದ. ಈ ಸಲ ಅವಳು "ಹೋಗ್ಲಿ ಬಿಡಿ" ಅನ್ನಲಿಲ್ಲ. ಚೀಲ ತೆಗೆದುಕೊಂಡು ಹೊರಟುಹೋದಳು.

ಅಲ್ಲಿಂದ ಮುಂದೆ ಅವಳು ಅವನಿಗೆ ಫೋನು ಮಾಡಲಿಲ್ಲ. ಅವನಂತೂ ಮಾಡುವವನೇ ಅಲ್ಲ. ನಾನು ಹಿಂಬೀದಿಯ ಮನೆಯನ್ನು ಬೇರೊಂದು ಎಳೆಯ ದಂಪತಿಗೆ ತೋರಿಸಿದೆ. ಗೋಡೆಯಲ್ಲಿ ಕುಟ್ಟೆ ಇದೆಯಂತೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಯೇ ತೋರಿಸಿದೆ. "ಆ ಗೋಡೆ ನಮಗೆ ಹೇಗೂ ಬೇಡ ಆಂಟಿ, ಕಿತ್ತು ದೊಡ್ಡ ಕೋಣೆ ಮಾಡ್ತೀವಿ" ಅಂದರು. ತಡಮಾಡದೆ ಕೊಂಡರು. ಕಿತ್ತ ದಿನವೇ ಆ ಹುಡುಗ ನನಗೆ ಫೋನು ಮಾಡಿದ. "ಆಂಟಿ, ಬಂದು ನೋಡಿ. ಇದೆಂಥ ಕುಟ್ಟೆ?"

ನಾನು ಹಾವಾಡಿಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಹೋದೆ. ಹಲಗೆಗಳು ಕಳಚಿದ್ದವು, ಕಂಬಗಳು ಬೆತ್ತಲೆ ನಿಂತಿದ್ದವು. ಒಂದು ತೂತಿಲ್ಲ, ಒಂದು ಗೀರಿಲ್ಲ. ಕೆಲಸದವನು ಸುತ್ತಿಗೆಯಿಂದ ಕುಟ್ಟಿದರೆ ಠಣ್ ಅನ್ನುತ್ತಿತ್ತು. ಅಡ್ಡಪಟ್ಟಿಯ ಮೇಲೆ ಮಾತ್ರ ಒಂದು ಚಿಟಿಕೆ ಪುಡಿ ಇತ್ತು. ಚಮಚೆಯಲ್ಲಿ ತೆಗೆದರೆ ಚಮಚೆ ತುಂಬದಷ್ಟು. ಅದು ಸರಿಯಾಗಿ ಅವನು ಕೊರೆದ ತೂತಿನ ಕೆಳಗೇ ಇತ್ತು.

ಅವನು ಬಗ್ಗಿ ಅದನ್ನು ಬೆರಳಿಗೆ ಹಚ್ಚಿಕೊಂಡ. ಉಜ್ಜಿದ. ಬಹಳ ಹೊತ್ತು ಉಜ್ಜಿದ. "ಇದು ಹಲಗೆ ಪುಡಿ ಅಕ್ಕ" ಅಂದ. "ನಾನು ಕೊರೆದಾಗ ಒಳಗೆ ಉದುರಿದ್ದು. ಕ್ಯಾಮೆರಾ ಹತ್ತಿರ ಹೋದ್ರೆ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಗೊತ್ತಿತ್ತು ನನಗೆ. ಕೊರೆದ ಮೇಲೆ ಊದಿ, ಪುಡಿ ತೆಗೆದು, ಆಮೇಲೆ ನೋಡ್ಬೇಕಿತ್ತು. ಕೊರೆದು ಅಭ್ಯಾಸ ಇರ್ಲಿಲ್ಲ."

ಬೇರೆಯವರ ಮನೆಯ ಗೋಡೆಯಾಗಿದ್ದರೆ ಅವನು ಕೊರೆಯುತ್ತಲೇ ಇರಲಿಲ್ಲ. ಅವಳ ಮೇಲಿನ ಅಕ್ಕರೆಗೆ ಕೊರೆದ, ಆ ಅಕ್ಕರೆಯೇ ಅವನಿಗೆ ಮುಳುವಾಯಿತು. ನನಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಸಿಟ್ಟು ನನಗೆ ಸುಲಭ, ಅದನ್ನೇ ಮಾಡಿದೆ. "ಕೂತ್ಕೋ ಗಾಡಿ ಮೇಲೆ" ಎಂದು ಗದರಿದೆ. "ಅವರಣ್ಣ ಊರು ಬಿಡೋದು ಈ ವಾರ. ಇನ್ನೂ ಕಾಲ ಮಿಂಚಿಲ್ಲ. ಮನೆ ಬೇಕಾದ್ರೆ ನಾನು ಇನ್ನೊಂದು ಹುಡುಕ್ತೀನಿ. ನೀನು ಹೋಗಿ ಮಾತಾಡು."

ದಾರಿಯುದ್ದಕ್ಕೂ ಅವನು ಪುಡಿ ಹತ್ತಿದ ಬೆರಳನ್ನು ಬೇರೆ ಯಾವುದಕ್ಕೂ ತಾಗಿಸದೆ ಹಾಗೇ ಹಿಡಿದುಕೊಂಡಿದ್ದ.

ಪರದೆ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಅಗಲವಾದ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಬಟ್ಟೆಯ ಥಾನುಗಳನ್ನು ಮುಟ್ಟಿ ನೋಡುವವಳ ಹಾಗೆ ನಿಂತೆ. ಕಿವಿಯೆಲ್ಲ ಅತ್ತ ಕಡೆಗೇ.

"ಆ ಮನೇಲಿ ಕುಟ್ಟೆ ಇರ್ಲಿಲ್ಲ" ಅಂದ ಅವನು. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. "ಗೋಡೆ ಬಿಚ್ಚಿದ್ದಾರೆ, ನೋಡ್ಬಂದೆ. ನಾವು ಕಂಡಿದ್ದು ನನ್ನ ಡ್ರಿಲ್ಲಿನ ಪುಡಿ."

ಕತ್ತರಿ ನಿಂತಿತು. "ಹಾಗಾದ್ರೆ ಮನೆ ಚೆನ್ನಾಗಿತ್ತು" ಅಂದಳು.

"ಚೆನ್ನಾಗಿತ್ತು. ಕಂಬ ಎಲ್ಲಾ ಗಟ್ಟಿ ಇದೆ."

ಅವಳು ಬಟ್ಟೆಯ ಅಂಚನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದ ಅಂಚನ್ನು. "ಹುಳು ಇತ್ತಲ್ಲ, ಏನು ಮಾಡೋಕಾಗುತ್ತೆ ಅಂತ ನಾನು ಹೇಗೋ ಸಮಾಧಾನ ಮಾಡ್ಕೊಂಡಿದ್ದೆ" ಅಂದಳು. ಕತ್ತರಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ಅವನ ಎದುರು ನೆಟ್ಟಗೆ ನಿಂತಳು. "ಇಷ್ಟು ಹೇಳೋಕೆ ಬಂದ್ರಾ?"

"ತಪ್ಪು ಹೇಳಿದ್ದೆ. ಸರಿ ಮಾಡ್ಬೇಕಲ್ಲ."

"ಬೇರೆ ಏನೂ ಇಲ್ವಾ?"

ಅವನು ನಿಜವಾಗಿಯೂ ಯೋಚಿಸಿದ. ಏನಾದರೂ ಬಿಟ್ಟುಹೋಗಿದೆಯೇ ಎಂದು ತೊಲೆ, ಕಂಬ, ಛಾವಣಿ ಎಲ್ಲವನ್ನೂ ಮನಸ್ಸಿನಲ್ಲಿ ತಿರುಗಿ ನೋಡಿ ಬಂದವನ ಹಾಗೆ, "ಇಲ್ಲ" ಅಂದ. ಹೊರಗೆ ಬಂದ.

ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ ಅವನನ್ನು ತೋಳು ಹಿಡಿದು ನಿಲ್ಲಿಸಿದೆ. "ಏನೋ ಇದು? ಆ ಮನೆಗೆ ಒಳ್ಳೆ ಹೆಸರು ಕೊಡಿಸೋಕಾ ನಿನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು? ಅವಳನ್ನ ಇಲ್ಲೇ ಇರಿ ಅಂತ ಕೇಳ್ಬೇಕೋ ಬೇಡ್ವೋ?"

"ಅವರ ಮನಸ್ಸಲ್ಲಿ ಈಗ ಏನಿದೆ ಅಂತ ಗೊತ್ತಿಲ್ದೆ ಹೇಗೆ ಕೇಳೋದು ಅಕ್ಕ?"

"ಕೇಳಿದ್ರೆ ತಾನೇ ಗೊತ್ತಾಗೋದು ದಡ್ಡ! ಕತ್ತರಿ ಕೆಳಗಿಟ್ಟು ನಿಂತಿದ್ಳಲ್ಲ, ನೋಡ್ಲಿಲ್ವಾ?"

ಅವನು ಅಂಗಡಿಯ ಕಡೆ ನೋಡಿದ. ಕಣ್ಣು ತುಂಬಿಕೊಂಡಿತ್ತು. "ಹೋಗಿ ಕೇಳ್ಲಾ?" ಅಂದ, ಮಕ್ಕಳು ಕೇಳುವ ಹಾಗೆ.

"ಹೋಗು. ಇಲ್ಲೇ ಇರಿ, ಹೋಗ್ಬೇಡಿ ಅಂತ ಹೇಳು. ಎರಡೇ ಮಾತು."

ಅವನು ಹೋದ. ನಾನು ಸ್ಕೂಟರಿಗೆ ಒರಗಿ ನಿಂತೆ. ಇಷ್ಟು ವರ್ಷ ಎಷ್ಟೋ ಮನೆಗಳ ಮಾತುಕತೆ ಮುಗಿಯಲಿ ಎಂದು ಬಾಗಿಲಲ್ಲಿ ಕಾದಿದ್ದೇನೆ. ಎದೆ ಹಾಗೆ ಹೊಡೆದುಕೊಂಡಿದ್ದು ಅದೇ ಮೊದಲು. ಅವನು ಬೇಗ ಬಂದ. ಬಹಳ ಬೇಗ.

"ಕೇಳಿದ್ಯಾ?"

"ಕೇಳ್ದೆ. ನೀವು ಹೇಳಿದ ಹಾಗೇ ಹೇಳ್ದೆ."

"ಏನಂದ್ಳು?"

"ಈ ಮಾತು ನಿಮ್ಮದಾ, ಅಕ್ಕ ಹೇಳಿ ಕಳಿಸಿದ್ದಾ ಅಂತ ಕೇಳಿದ್ರು."

"ನೀನೇನಂದೆ?"

"ಅಕ್ಕ ಹೇಳಿದ್ದು ಅಂದೆ."

ನಾನು ಹಣೆ ಚಚ್ಚಿಕೊಂಡೆ.

"ನಕ್ರು" ಅಂದ ಅವನು. "ಆಮೇಲೆ ಕಣ್ಣು ಒರೆಸ್ಕೊಂಡ್ರು. ಆಯ್ತು, ಹೋಗಿ ಬನ್ನಿ ಅಂದ್ರು. ಅಣ್ಣನ ಜೊತೆ ಹೋಗ್ತಾರಂತೆ."

"ಅಯ್ಯೋ ಪಾಪಿ, ನಿನ್ನ ಮನಸ್ಸಲ್ಲಿ ಇರ್ಲಿಲ್ವೇನೋ ಅದು?"

"ಇತ್ತು" ಅಂದ. "ಮೊದಲಿಂದಲೂ ಇತ್ತು ಅಕ್ಕ. ಆ ಟೇಪು ನನ್ನ ತಲೆ ಮೇಲೆ ಬಿತ್ತಲ್ಲ, ಅವತ್ತಿಂದಲೇ ಇತ್ತು. ಆದ್ರೆ ಅವರು ಅದನ್ನ ಕೇಳ್ಲಿಲ್ಲ. ಯಾರು ಹೇಳಿದ್ದು ಅಂತ ಕೇಳಿದ್ರು."

ಒಳಗೆ ಹೊಲಿಗೆ ಯಂತ್ರ ಶುರುವಾಯಿತು. ಅವನು ಇನ್ನೊಮ್ಮೆ ಆ ಕಡೆ ನೋಡುತ್ತಾನೆ, ತಿರುಗಿ ಓಡುತ್ತಾನೆ ಎಂದು ನಾನು ಕಾದೆ. ಅವನು ಸ್ಕೂಟರಿನ ಹಿಂದೆ ಹತ್ತಿ ಕೂತ, ನಾನು ಹೊರಡಲಿ ಎಂದು ಕಾಯುತ್ತ. ನನಗೆ ಕೀಲಿ ತಿರುಗಿಸಲು ಕೈ ಬರಲಿಲ್ಲ.